ಕೋಲು ಕೊಡು ಬಾವ

ಮೊನ್ನೆ ಪೆಟ್ಟಿಗೆಯಿಂದ, ಕುರಿ ಕಾಯುತ್ತಿದ್ದ ಅಪ್ಪನ ಕಂಬಳಿ ತೆಗೆದು ಬಿಸಿಲಿಗೆ ಹಾಕಿದೆ. ಮುಗ್ಗಲು ಹಿಡಿದ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಪೊಲೀಸ್ ಮಾವ ಕಣ್ಮುಂದೆ ಬಂದು ನಿಂತರು...

ಅವರು ಕೊಡಿಗೇನಹಳ್ಳಿ ಕಡೆ ಕಾನ್‌ಸ್ಟೇಬಲ್. ಸೈಕಲ್ಲಿನಲ್ಲಿ ಊರೂರು ಬೀಟ್ ಸುತ್ತುತ್ತ, ಕುರಿಹಟ್ಟಿ ಕಂಡಲ್ಲೆಲ್ಲ ಇಳಿದು ಮಜ್ಜಿಗೆ ಕುಡಿದು, ಕಷ್ಟಸುಖ ಮಾತಾಡಿ ಹೋಗುತ್ತಿದ್ದರು. "ಕಳ್ಳರ್ನ ಹಿಡಿಯೋದು ಬುಟ್ಟು ಚೊಂಬು ಹಿಡ್ಕಂಡು ಕುಂತಿದ್ದೀಯಲ್ಲಣ್ಣ" ಎಂದು ಅವ್ವ ರೇಗಿಸುತ್ತಿದ್ದಳು.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಮೇಲಿನ ಕೆರೆ ಒಡೆದು ಜಯಮಂಗಲಿ ಹೊಳೆ ಉಕ್ಕಿತು. ಅಪ್ಪ ಕುರಿಗಳ ಸಮೇತ ಹೊಳೆ ನಡುವಿನ ದಿಬ್ಬದಲ್ಲಿ ಸಿಕ್ಕಿಬಿದ್ದ. ನೀರು ಏರುತ್ತಲೇ ಇತ್ತು. ಸಂಜೆ ಹೊತ್ತಿಗೆ ಬೆಂಗಳೂರಿನಿಂದ ಪುಟ್ಟ ಹೆಲಿಕಾಪ್ಟರ್ ಬಂತು. ಜಾಗ ತೋರಿಸಲು ಮಾವ ಹತ್ತಿದರು. ಕತ್ತಲಾಗುತ್ತೆ, ಎರಡನೇ ಸಲ ಬರಲಾಗದು ಎಂದು ಪೈಲಟ್ ಮೊದಲೇ ಹೇಳಿದ್ದ.

ಅಂಗೈಯಗಲದ ಆ ದಿಬ್ಬದ ಮೇಲೆ ಪೈಲಟ್ ಅದನ್ನು ಇಳಿಸಿದ್ದೇ ಒಂದು ಪವಾಡ. ಬಾ ಬಾ ಎಂದು ಕೈ ಬೀಸಿದ. ಅಪ್ಪ ಕದಲಲಿಲ್ಲ. ಕುರಿ ಕಾಯುವ ನಮ್ಮ ಮಂದಿ, ಸಾವಿರಲಿ ಮದುವೆಯಿರಲಿ, ಇನ್ನೊಬ್ಬರ ಕೈಗೆ ಕೋಲು ಕೊಡದೆ ಹಿಂಡು ಬಿಟ್ಟು ಹೊರಡುವುದಿಲ್ಲ. ಪಾಪ, ಪೈಲಟ್‌ಗೆ ಅದೆಲ್ಲಿ ಗೊತ್ತಿರಬೇಕು. ಮಾವನಿಗೆ ಗೊತ್ತಿತ್ತು. ಅವರು ಗದರಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. ಇಳಿದು ಬಂದು ಕೈ ಚಾಚಿದರು.

"ಕೋಲು ಕೊಡು ಬಾವ. ಬೆಳಕು ಹರಿಯೋಗಂಟ ನಾನು ಕಾಯ್ತೀನಿ. ದಡದಾಗೆ ಮಕ್ಕಳು ಅಳ್ತಾವೆ, ನೀನು ವೊಂಟೋಗು."

ಅಪ್ಪ ಕೋಲು ಕೊಟ್ಟು ಹತ್ತಿದ. ಮಾವ ಅಲ್ಲೇ ಉಳಿದರು.

ಬೆಳಗ್ಗೆ ನೀರಿಳಿದ ಮೇಲೆ ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಹಿಂಡನ್ನು ಮುಂದೆ ಬಿಟ್ಟುಕೊಂಡು ಬಂದರು. ಕೋಲು ವಾಪಸ್ ಕೊಡುತ್ತ "ಎಣಿಸ್ಕೊ" ಎಂದು ನಕ್ಕರು. ಅಪ್ಪ ಎಣಿಸಲಿಲ್ಲ.

ನನ್ನ ತಮ್ಮನ ಮಗನಿಗೆ ಪೊಲೀಸ್ ಹೆಲಿಕಾಪ್ಟರಿನಲ್ಲಿ ಕೆಲಸ ಮಾಡುವಾಸೆ. ಅದಕ್ಕೆ ಮೊದಲು ಕೆಲವು ವರ್ಷ ಠಾಣೆಯಲ್ಲಿ ದುಡಿಯಬೇಕಂತೆ. "ಮ್ಯಾಲೆ ಹಾರೋನಿಗೆ ಠಾಣೆ ಡ್ಯೂಟಿ ಯಾಕತ್ತೆ?" ಎಂದು ಕೇಳಿದ. ಇದಿಷ್ಟನ್ನೂ ಹೇಳಿ, ಮೊದಲು ನಾಲ್ಕು ವರ್ಷ ಊರೂರು ಸುತ್ತು, ಆಮೇಲೆ ಹಾರು ಎಂದೆ.

ಹೋದ ತಿಂಗಳು ಮಾವ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿಮ್ಮಪ್ಪಂಗೆ ಹೇಳ್ಬೇಡ ಅಂದಿದ್ರು ಕಣಮ್ಮ. ನಮ್ಮನೆಯವ್ರಿಗೆ ಈಜೇ ಬರ್ತಿರ್ಲಿಲ್ಲ" ಎಂದರು.

ಈಗ ಹೇಳೋಣವೆಂದರೆ ಅಪ್ಪನೂ ಇಲ್ಲ.