ದೇವಿ ಉಣ್ಣದ ಹೇಳಿಕೆ

ಗಾದಿಗನೂರಿನ ಯಲ್ಲಕ್ಕ ಹೊಸಪೇಟೆ ಸಂತೆಯಲ್ಲಿ ಅಣಬೆ ಮಾರುವಾಗ ಬುಟ್ಟಿಯಿಂದ ಒಂದನ್ನು ಎತ್ತಿ, ಕೊಳ್ಳುವವರ ಎದುರಿಗೇ ಕಚ್ಚಿ ನುಂಗಿ ತೋರಿಸುತ್ತಿದ್ದಳು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವಳನ್ನು ಕಂಡವರಿಗೆಲ್ಲ ಇದು ಗೊತ್ತು. ಸಂತೆಗೆ ಬರುವ ಮೊದಲು ಅದರ ಅಗತ್ಯವಿರಲಿಲ್ಲ. ಆಗ ಅವಳ ಕೈಯಿಂದ ದೇವಿಯೇ ಉಣ್ಣುತ್ತಿದ್ದಳು.

ಊರ ಹೊರಗಿನ ಗುಡ್ಡದಮ್ಮನ ಗುಡಿಯಲ್ಲಿ ಮುಂಗಾರು ಹಿಡಿದ ಮೇಲೆ ವರ್ಷಕ್ಕೊಮ್ಮೆ ದೇವಿ ನುಡಿಯುವ ಹೇಳಿಕೆ ನಡೆಯುತ್ತಿತ್ತು. ಪೂಜಾರಿ ಪಾಲಪ್ಪನ ಮೈಮೇಲೆ ದೇವಿ ಬರಬೇಕಾದರೆ ಮೊದಲು ಅವಳಿಗೆ ಬುತ್ತಿ ಕೊಡಬೇಕು. ದನದ ಸಗಣಿಯ ಮೇಲೆ ಏಳುವ ಮೂರು ಮರುಳಣಬೆಗಳನ್ನು ಒಣಗಿಸಿ, ಬೆಲ್ಲದೊಂದಿಗೆ ಕುಟ್ಟಿದ ಉಂಡೆಯೇ ಆ ಬುತ್ತಿ. ಅದನ್ನು ಮಾಡಿಕೊಡುವ ಹಕ್ಕು ಯಲ್ಲಕ್ಕನ ಮನೆಯ ಸೊಸೆಯರದು. ಪಾಲಪ್ಪ ಉಂಡೆ ನುಂಗಿದ ಕೂಡಲೇ ಹೆಂಗಸರು ಗುಡಿಯ ಮುಂದೆ ಎರಡು ಸೇರು ಜೋಳ ಬೀಸಲು ಕೂರುವರು. ಬೀಸಿ ಮುಗಿಯುವ ಹೊತ್ತಿಗೆ ಅವನ ಕಣ್ಣಪಾಪೆ ಅಗಲವಾಗಿ, ನಾಲಿಗೆ ತೊದಲಿ, ದೇವಿ ಬರುವಳು. ಜೋಳ ತೀರುವ ಮೊದಲೇ ಬಂದದ್ದನ್ನು ಯಾರೂ ಕಂಡಿರಲಿಲ್ಲ.

೧೯೨೯ರಲ್ಲಿ ಗೌಡ ಕೊಟ್ರಬಸಪ್ಪನ ನಾಲ್ಕು ಎತ್ತು ಒಂದೇ ವಾರದಲ್ಲಿ ಸತ್ತವು. ವಿಧವೆ ಹುಸೇನಮ್ಮ ಮೇವಿಗೆ ವಿಷ ಹಾಕಿದಳೆಂದು ಗೌಡನೇ ಊರೆಲ್ಲ ಆಡಿದ. ಅವನ ಎರಡು ಹೊಲಗಳ ನಡುವೆ ಅವಳದೊಂದು ಹೊಲವಿತ್ತು. ಹೇಳಿಕೆಯಲ್ಲಿ ದೇವಿ ಅವಳ ಹೆಸರು ಹೇಳಿದರೆ ಸಂಜೆಯೊಳಗೆ ಅವಳು ಊರು ಬಿಡಬೇಕು.

ಹೇಳಿಕೆಗೆ ಎರಡು ದಿನ ಮುಂಚೆ ಯಲ್ಲಕ್ಕ ಅಣಬೆ ಆರಿಸಿಕೊಂಡು ಬರುತ್ತಿದ್ದಾಗ, ಪಾಲಪ್ಪನ ಹಿತ್ತಲಿಂದ ಗೌಡ ಹೊರಬಿದ್ದ. ಚಪ್ಪಲಿ ಕೈಯಲ್ಲಿತ್ತು.

“ಏನ್ರಿ ಗೌಡ್ರ, ಈ ಕಡಿ?”

“ಪಾಲಪ್ಪಗ ಜ್ವರ ಅಂದ್ರು, ನೋಡಾಕ ಬಂದಿದ್ದೆ.”

ಒಳಗಿನಿಂದ ಪಾಲಪ್ಪ ಕಟ್ಟಿಗೆ ಸೀಳುವ ಸದ್ದು ಕೇಳುತ್ತಿತ್ತು. ಯಾರನ್ನಾದರೂ ಮನೆಗೇ ಕರೆಸಿಕೊಳ್ಳುವ ಗೌಡ, ಪೂಜಾರಿಯ ಹಿತ್ತಲಿಗೆ ಯಾಕೆ ಬಂದ? ಮರುದಿನ ಉಂಡೆ ಕುಟ್ಟುವಾಗ ಯಲ್ಲಕ್ಕ ಮೂರು ಮರುಳಣಬೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಒರಳಿಗೆ ಬಿದ್ದದ್ದು ಎಲ್ಲರೂ ಸಾರಿಗೆ ಹಾಕುವ ಹುತ್ತದ ಅಣಬೆ.

ಅದನ್ನೇ ಪಾಲಪ್ಪ ನುಂಗಿದ. ಬೀಸುಕಲ್ಲು ತಿರುಗತೊಡಗಿತು. ಅವನು ಸುಮ್ಮನೆ ಕೂತರೆ ದೇವಿಯನ್ನು ಉಪವಾಸ ಕೆಡವಿದ ಪಾಪ ತನ್ನ ತಲೆಗೆ ಎಂದುಕೊಂಡು ಯಲ್ಲಕ್ಕ ಉಳಿದ ಜೋಳದ ಮೇಲೇ ಕಣ್ಣಿಟ್ಟಿದ್ದಳು. ಅರ್ಧ ಜೋಳವೂ ಮುಗಿದಿರಲಿಲ್ಲ, ಪಾಲಪ್ಪ ಮೈ ಝಾಡಿಸಿ ಎದ್ದ.

“ಹುಸೇನವ್ವನ ಕೈಯಾಗ ಇಸಾ ಐತಿ! ಊರ್ ಬಿಡಸ್ರಿ ಆಕೀನ!”

ಬೇವಿನ ಮರದ ಕೆಳಗಿದ್ದ ಹುಸೇನಮ್ಮನ ಕಡೆಗೆ ಎಲ್ಲರೂ ತಿರುಗಿದರು. ಯಲ್ಲಕ್ಕ ಮುಂದೆ ಬಂದು ಬೀಸುಕಲ್ಲಿನ ಗೂಟ ಹಿಡಿದು ನಿಲ್ಲಿಸಿದಳು.

“ಜ್ವಾಳ ಇನ್ನಾ ಅರ್ಧ ಹಂಗ ಐತಿ. ದೇವಿಗೆ ಇವತ್ತೇನ್ ಅವಸರ?”

“ಸುಮ್ಕಿರು ಯಲ್ಲಕ್ಕ,” ಎಂದ ಗೌಡ. “ದೇವಿ ತನಗ ಬೇಕಾದಾಗ ಬರ್ತಾಳ.”

“ಉಣ್ಣಲಾರದ ಬಂದ್ಲೇನ್ರಿ?” ಯಲ್ಲಕ್ಕ ಸೆರಗಿನ ಗಂಟು ಬಿಚ್ಚಿದಳು. “ದೇವಿ ಬುತ್ತಿ ಇಲ್ಲೇ ಐತಿ ನೋಡ್ರಿ. ಪಾಲಪ್ಪ ತಿಂದದ್ದು ಹುತ್ತದ ಅಣಬಿ. ನಿನ್ನೆ ನಮ್ಮನಿ ಸಾರಿಗೂ ಅದನ್ನ ಹಾಕಿದ್ದೆ.”

“ಹಂಗಾರ ನಿಮ್ಮನ್ಯಾಗ ಎಲ್ಲಾರ ಮೈಮ್ಯಾಲೂ ದೇವಿ ಬಂದಿರಬೇಕಲ್ಲ!” ಎಂದು ಬೀಸುತ್ತಿದ್ದ ಮುದುಕಿಯೊಬ್ಬಳು ನಕ್ಕುಬಿಟ್ಟಳು. ಪಾಲಪ್ಪನ ನಡುಕ ಅಲ್ಲಿಗೇ ನಿಂತಿತು. ಗೌಡ ಟವೆಲ್ ಕೊಡವಿ ಹೊರಟ.

ಹುಸೇನಮ್ಮ ಊರಲ್ಲೇ ಉಳಿದಳು. ಆದರೆ ಹಿರಿಯರು ಯಲ್ಲಕ್ಕನ ಮನೆಯ ಹಕ್ಕು ಕಿತ್ತುಕೊಂಡರು: ಬುತ್ತಿ ಬದಲಿಸಿದ ಕೈ ಮತ್ತೆ ಬದಲಿಸದೆಂದು ಏನು ನೆಚ್ಚಿಕೆ? ಆ ಕೆಲಸಕ್ಕೆ ಬೇರೆ ಮನೆಯವರೂ ಒಪ್ಪಲಿಲ್ಲ. ಹೇಳಿಕೆ ನಿಂತೇಹೋಯಿತು. ಯಲ್ಲಕ್ಕ ಬುಟ್ಟಿ ಹೊತ್ತು ಸಂತೆಗೆ ಹೋಗತೊಡಗಿದಳು.

ಅಲ್ಲಿ ಅವಳ ಬುಟ್ಟಿಯ ಮುಂದೆ ಮೊದಲು ಕೂತವಳು ಹುಸೇನಮ್ಮ. ಅಣಬೆ ತಿರುಗಿಸಿ ನೋಡಿದಳು, ಮೂಸಿದಳು.

“ಯಕ್ಕಾ, ನನ್ನ ಉಳಿಸಿದಾಕಿ ನೀನ, ಖರೇ. ಆದ್ರ ಮೊದ್ಲು ನೀ ಒಂದು ತಿನ್ನು.”

ಯಲ್ಲಕ್ಕ ಒಂದನ್ನು ಎತ್ತಿ ಕಚ್ಚಿದಳು. ಅವಳು ನುಂಗುವ ತನಕ ಹುಸೇನಮ್ಮ ಕಾದಳು.