ಬ್ಯಾರನ್ನಿನ ಬಾಗಿಲು

ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೂ ನಡಿಗೆ, ಸ್ನಾನ, ತಿಂಡಿ, ಪೇಪರು ಎಲ್ಲವೂ ಶಾಲೆಯ ಗಂಟೆಯಂತೆ ಒಂದರ ಹಿಂದೊಂದು ನಡೆಯಬೇಕು. ಆ ಶನಿವಾರ ಪೇಪರಿನ ಹೊತ್ತಿಗೆ ಸರಿಯಾಗಿ ತಂಗಿಯ ಮಗಳು ಮೈಸೂರಿನಿಂದ ಬಂದಿಳಿದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರೊಂದನ್ನು ನನಗೆ ಕೊಟ್ಟಳು. ಅವಳು ಚಿತ್ರಕಲೆ ಕಲಿತವಳು, ವಿಡಿಯೋ ಗೇಮುಗಳಿಗೆ ಚಿತ್ರ ಬರೆಯುವುದು ಅವಳ ಉದ್ಯೋಗ. ಈ ಗೇಮು ಮಾತ್ರ ಯಾರೂ ಹೇಳದೆ, ಬಿಡುವಿನಲ್ಲಿ ಅವಳೇ ಮಾಡಿದ್ದು.

“ಮಾವ, ಅದು ಲಾಠಿ ಅಲ್ಲ. ಮೆತ್ತಗೆ ಹಿಡ್ಕೊಳಿ.”

“ಯಾರಿಗೆ ಗುಂಡು ಹೊಡೀಬೇಕು ಹೇಳು. ಬೇಗ ಮುಗಿಸಿ ಪೇಪರ್ ಓದ್ಬೇಕು.”

“ಯಾರಿಗೂ ಇಲ್ಲ. ಸೌದೆ ಹಾಕ್ಬೇಕು ಅಷ್ಟೆ.”

ಪರದೆಯ ಮೇಲೆ ಮೂಡಿದ್ದು ಒಂದು ಬ್ಯಾರನ್. ಹೊಗೆಸೊಪ್ಪು ಹದ ಮಾಡುವ ಎತ್ತರದ ಕಟ್ಟಡ, ನಮ್ಮ ಕಡೆ ಎಲ್ಲಿ ನೋಡಿದರೂ ಇದ್ದೇ ಇರುತ್ತದೆ. ಒಳಗೆ ಕೋಲುಗಳಿಗೆ ಕಟ್ಟಿದ ಎಲೆಗಳು ಸಾಲುಸಾಲಾಗಿ ತೂಗುತ್ತವೆ. ಹೊರಗಿನ ಒಲೆಯ ಶಾಖ ದಪ್ಪ ತಗಡಿನ ಕೊಳವೆಯಲ್ಲಿ ಒಳಗೆಲ್ಲ ಸುತ್ತುತ್ತದೆ. ಆಟದಲ್ಲಿ ನಾನು ಒಲೆಯ ಮುಂದೆ ಕೂತ ಹೆಂಗಸು. ನನಗೆ ಕಾಣುವುದು ಬಳೆ ತೊಟ್ಟ ಎರಡು ಕೈ ಮಾತ್ರ. ಆಚೆ ಬಾಗಿಲ ಬಳಿ ಗಂಡಸೊಬ್ಬ ಬೆನ್ನು ತಿರುಗಿಸಿ ನಿಂತು, ಪುಟ್ಟ ಗಾಜಿನ ಕಿಂಡಿಯಲ್ಲಿ ಒಳಗಿನ ಶಾಖಮಾಪಕ ನೋಡುತ್ತಿದ್ದಾನೆ. ಅವನ ಎಡಭುಜ ತುಸು ಇಳಿದಿತ್ತು.

ಅದು ಈ ಹುಡುಗಿಯ ಅಪ್ಪನ ಬೆನ್ನು.

ಗಾವಡಗೆರೆ ಕಡೆಯ ಹಳ್ಳಿಯಲ್ಲಿ ತಂಗಿ, ಅವಳ ಗಂಡ ಹೊಗೆಸೊಪ್ಪು ಬೆಳೆಯುತ್ತಿದ್ದರು. ಏಳೆಂಟು ವರ್ಷದ ಹಿಂದೆ ಅವರ ಬ್ಯಾರನ್ನಿಗೆ ಬೆಂಕಿ ಬಿತ್ತು. ಮೈ ಸುಟ್ಟುಕೊಂಡ ಅವನು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಂಗಿ ನನಗೊಂದು ಮಾತು ಹೇಳಿದ್ದಳು: “ಒಳಗೆ ಸುಟ್ಟ ವಾಸ್ನೆ ಬಂತು ಕಣಣ್ಣ. ಬಾಗ್ಲು ತೆಗೀಲಾ ಅಂದ್ರು. ನಾನೇ ತೆಗಿ ಅಂದೆ. ಇದು ಮಗಳ್ಗೆ ಗೊತ್ತಾಗ್ಬಾರ್ದು.” ನಾನು ಯಾರಿಗೂ ಹೇಳಿರಲಿಲ್ಲ. ಆಮೇಲಿನ ಒಂದು ವರ್ಷ ತಂಗಿ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ನನ್ನ ಮನೆಯಲ್ಲೇ ಇಟ್ಟುಕೊಂಡು, ಹೊತ್ತು ಹೊತ್ತಿಗೆ ಎಬ್ಬಿಸಿ, ಕೂರಿಸಿ, ತಿನ್ನಿಸಿ, ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿ ಊರಿಗೆ ಕಳಿಸಿದ್ದೆವು.

ಈಗ ಸೋದರ ಸೊಸೆಯ ಎದುರು ಇದನ್ನೆಲ್ಲ ತೋರಗೊಡದೆ ಆಡತೊಡಗಿದೆ. ಸೌದೆ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಉಳಿಯುತ್ತದೆ. ಶಿಸ್ತಿನ ಕೆಲಸ ನನಗೆ ಒಗ್ಗುತ್ತದೆ. ಎಲೆ ನಿಧಾನವಾಗಿ ಹಳದಿಗೆ ತಿರುಗಿದಾಗ ನನಗೆ ಹೆಮ್ಮೆಯೂ ಆಯಿತು. ಅಂಕವಿಲ್ಲ, ಶತ್ರುವಿಲ್ಲ, ಸೌದೆ ಸಿಡಿಯುವ ಸದ್ದು ಮಾತ್ರ. ಆಗ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು. ಮೇಯುತ್ತಿದ್ದ ಕೋಳಿಗಳು ಒಂದೊಂದಾಗಿ ಆಚೆ ಹೋದವು. ಗಂಡಸು ತಲೆಯೆತ್ತಿ ಮೂಸಿದ. ಪರದೆಯಿಂದ ವಾಸನೆ ಬರುವುದಿಲ್ಲ ಎಂದು ಗೊತ್ತಿದ್ದೂ ನಾನೂ ಮೂಸಿದೆ. ಕಂಟ್ರೋಲರು ಕೈಯೊಳಗೆ ಸಣ್ಣಗೆ ನಡುಗತೊಡಗಿತು. ಅವನು ಚಿಲಕದ ಮೇಲೆ ಕೈಯಿಟ್ಟು ನಿಂತ. ಪರದೆಯ ಕೆಳಗೆ ಅಕ್ಷರ ಮೂಡಿತು:

ತೆಗೀಲಾ?

ಉತ್ತರ ಎರಡೇ. ‘ತೆಗಿ’, ‘ಬ್ಯಾಡ’.

ಬೆಂಕಿಯಿರುವ ಕೋಣೆಯ ಬಾಗಿಲು ತೆಗೆಯಬಾರದು, ಒಳನುಗ್ಗುವ ಗಾಳಿಯಿಂದ ಬೆಂಕಿ ಭಗ್ಗನೆ ಏಳುತ್ತದೆ ಎಂದು ಮಕ್ಕಳಿಗೆ ವರ್ಷ ವರ್ಷವೂ ಕವಾಯತು ಮಾಡಿಸಿದವನು ನಾನು. ಮುಂದೇನಾಯಿತೆಂದೂ ನನಗೆ ಗೊತ್ತಿತ್ತು. ಆದರೂ ಒಳಗೆ ಅಷ್ಟೊಂದು ಸೊಪ್ಪು ತೂಗುತ್ತಿತ್ತು, ನಾನೇ ಹದಕ್ಕೆ ತಂದದ್ದು. ಹೆಬ್ಬೆರಳು ‘ತೆಗಿ’ಯನ್ನು ಒತ್ತಿಬಿಟ್ಟಿತು.

ಪರದೆ ಬೆಳ್ಳಗಾಯಿತು. ಸದ್ದೆಲ್ಲ ನಿಂತುಹೋಯಿತು. ಮತ್ತೆ ಕಂಡಾಗ ಒಲೆಯ ಮುಂದೆ ಅವೇ ಎರಡು ಕೈ, ಕೈಯಲ್ಲಿ ಒಂದು ಸೌದೆ. ಬಾಗಿಲ ಬಳಿ ಯಾರೂ ಇಲ್ಲ.

ನಾಟಕ ನೋಡಿ ಅತ್ತವನು ನಾನು. ಕಥೆ ಓದಿ ನಿದ್ದೆಗೆಟ್ಟದ್ದೂ ಉಂಟು. ಆದರೆ ಅಲ್ಲೆಲ್ಲ ತಪ್ಪು ಬೇರೆಯವರದು, ನಾನು ಕೂತು ನೋಡುತ್ತಿದ್ದೆ. ಇಲ್ಲಿ ನನ್ನ ಬೆರಳೇ ಅವನನ್ನು ಕೊಂದಿತ್ತು. ಮಕ್ಕಳಾಟ ಎಂದು ಇಷ್ಟು ದಿನ ನಾನು ತಳ್ಳಿಹಾಕಿದ್ದ ವಸ್ತು ಇಷ್ಟು ದೂರ ಬರಬಲ್ಲದು ಎಂದು ತಿಳಿದಿರಲಿಲ್ಲ.

“ಬ್ಯಾಡ ಅಂದಿದ್ರೆ?” ಎಂದು ಕೇಳಿದೆ.

“ಬ್ಯಾರನ್ ಹೋಗುತ್ತೆ, ಅವ್ನು ಉಳೀತಾನೆ. ನನ್ ಜೊತೆ ಕೆಲ್ಸ ಮಾಡೋರೆಲ್ಲ ಆಡಿದ್ರು ಮಾವ. ಒಬ್ರೂ ಬ್ಯಾಡ ಅನ್ನಲಿಲ್ಲ.”

“ಇದನ್ನ ನಿಮ್ಮವ್ವನಿಗೆ ತೋರಿಸ್ಬೇಡ.”

“ಅವ್ವಂಗೇ ಮಾಡಿದ್ದು. ನಾಳೆ ಹೋಗ್ತಿದ್ದೀನಿ.”

ಆ ಪ್ರಶ್ನೆ ನಿನಗೆ ಹೇಗೆ ತಿಳಿಯಿತು ಎಂದು ಕೇಳುವಂತಿರಲಿಲ್ಲ. ಕೇಳಿದರೆ ನಾನೇ ಗುಟ್ಟು ಬಿಟ್ಟುಕೊಟ್ಟಂತೆ. ಸುಮ್ಮನಿದ್ದರೆ, ಮಗಳು ಏನೂ ತಿಳಿಯದೆ ಅದೇ ಮಾತನ್ನು ತಾಯಿಯ ಮುಂದಿಡುತ್ತಾಳೆ, ತಂಗಿ ಮತ್ತೆ ಆ ವರ್ಷದೊಳಕ್ಕೆ ಜಾರುತ್ತಾಳೆ. ಈ ಸಲ ಎತ್ತಿ ಕೂರಿಸಲು ನನಗೂ ವಯಸ್ಸಾಗಿದೆ. ಮರುದಿನ ಅವಳ ಜೊತೆ ತಂಗಿಯ ಊರಿಗೆ ನಾನೂ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಯೋಚನೆ. ಊರು ತಲುಪಿದವನೇ ನನಗೆ ತಿಳಿದ ಏರ್ಪಾಡು ಮಾಡಿದೆ. ಪಕ್ಕದ ಮನೆಯವರನ್ನು ಎಲ್ಲಿಗೂ ಹೋಗಬೇಡಿ ಎಂದೆ, ಆಟೋದವನನ್ನು ಬಾಗಿಲಲ್ಲೇ ನಿಲ್ಲಿಸಿದೆ, ಒಂದು ಚೊಂಬು ನೀರು ತಂದಿಟ್ಟುಕೊಂಡೆ.

ತಂಗಿ ಹೊರಗೆ ಇಣುಕಿದಳು. “ಆಟೋ ಯಾಕಣ್ಣ ನಿಲ್ಸಿದ್ದೀಯೆ? ಯಾರ್ಗೆ ಹೆರಿಗೆ?”

“ಇರ್ಲಿ ಬುಡು.”

ಮಧ್ಯಾಹ್ನದ ಊಟವಾದ ಮೇಲೆ ಮಗಳು ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟಳು. ಕಂಟ್ರೋಲರ್ ಹಿಡಿದು ಕೂತ ತಂಗಿ ಒಲೆಯನ್ನು ನೋಡಿದಳು, ಆ ಬೆನ್ನನ್ನು ನೋಡಿದಳು. ಸೌದೆ ಹಾಕತೊಡಗಿದಳು. ನನಗಿಂತ ಚೆನ್ನಾಗಿ ಹಾಕಿದಳು. ಎಲೆ ಹಳದಿಯಾಯಿತು. ನಾಯಿ ಎದ್ದಿತು. ಕೋಳಿಗಳು ಹೋದವು. ನಾನು ಚೊಂಬನ್ನು ಕೈಗೆತ್ತಿಕೊಂಡೆ.

ತೆಗೀಲಾ?

ತಂಗಿಯ ಬೆರಳು ನಿಂತಿತು. ಆ ಪ್ರಶ್ನೆಗೆ ಅವಧಿಯಿಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಬೆಂಕಿಯ ಸದ್ದು ಕೋಣೆ ತುಂಬಿತ್ತು. ಚಿಲಕದ ಮೇಲೆ ಕೈಯಿಟ್ಟು ಅವನು ನಿಂತೇ ಇದ್ದ.

ತಂಗಿ ಪರದೆಯಿಂದ ಕಣ್ಣು ತೆಗೆಯದೆ ಮಗಳನ್ನು ಕೇಳಿದಳು. “ಅವತ್ತು ನೀನು ಎಲ್ಲಿದ್ದೆ?”

“ರಜಕ್ಕೆ ಬಂದಿದ್ನಲ್ಲವ್ವ. ಜಗಲಿ ಮೇಲೆ ಓದ್ತಾ ಕೂತಿದ್ದೆ.”

“ಕೇಳಿಸ್ತಾ?”

“ಕೇಳಿಸ್ತು.”

ಇಷ್ಟು ವರ್ಷ ತಾಯಿ ಮಗಳಿಂದ ಮುಚ್ಚಿಟ್ಟಿದ್ದಳು, ಮಗಳು ಕೇಳಿಸಿಕೊಂಡದ್ದನ್ನು ತಾಯಿಯಿಂದ ಮುಚ್ಚಿಟ್ಟಿದ್ದಳು. ನಡುವೆ ನಾನು ಕಾವಲು ನಿಂತಿದ್ದೆ.

“ಇದನ್ನ ಆಡ್ದೋರು ಏನಂತಾರೆ?”

“ಎಲ್ರೂ ತೆಗಿ ಅಂತಾರೆ ಅವ್ವ. ಮಾವನೂ ಅಂದ್ರು.”

ತಂಗಿ ಮೆಲ್ಲಗೆ ನನ್ನ ಕಡೆ ತಿರುಗಿದಳು. “ನೀನೂವಾ ಅಣ್ಣ?”

“ಹೂಂ ಕಣವ್ವ.”

ಅವಳು ನನ್ನನ್ನು ನೋಡಿಯೇ ನೋಡಿದಳು. ಆ ನೋಟದಲ್ಲಿ ಏನು ಬರುತ್ತದೋ ಎಂದು ನಾನು ಹೆದರಿದಷ್ಟು ಆಸ್ಪತ್ರೆಯ ಮೆಟ್ಟಿಲ ಮೇಲೂ ಹೆದರಿರಲಿಲ್ಲ. ಆಮೇಲೆ ಪರದೆಗೆ ತಿರುಗಿ ‘ತೆಗಿ’ಯನ್ನು ಒತ್ತಿದಳು. ಬೆಳಕು ಅವಳ ಮುಖದ ಮೇಲೆ ಬಿದ್ದು ಹೋಯಿತು.

ಅವಳು ಕೂಗಲಿಲ್ಲ, ಬೀಳಲಿಲ್ಲ.

“ಹಿಂಗಲ್ಲ ಕಣೆ,” ಎಂದಳು. “ಬೆಂಕಿ ಆಮ್ಯಾಕೆ ಬಂತು. ಮೊದ್ಲು ಸದ್ದು.”

“ಎಂಥ ಸದ್ದು?”

“ಬ್ಯಾರನ್ನೇ ಉಸ್ರು ಒಳಕ್ಕೆ ಎಳ್ಕಂಡಂಗೆ. ನಿಮ್ಮಪ್ಪನ ಹೆಗ್ಲ ಮೇಲಿದ್ದ ಟವಲ್ಲು ಒಳಕ್ಕೆ ಹೋಯ್ತು. ಅದನ್ನ ಹಿಡಿಯಕ್ಕೆ ಅಂತ ಅವ್ರು ಹಿಂಗೆ ಕೈ ಚಾಚಿದ್ರು.”

ಕಂಟ್ರೋಲರನ್ನು ಮಡಿಲಲ್ಲಿಟ್ಟು ತಂಗಿ ಬಲಗೈ ಚಾಚಿ ತೋರಿಸಿದಳು. ಟವಲ್ಲಿನ ವಿಷಯ ನನಗೂ ಗೊತ್ತಿರಲಿಲ್ಲ. ಮುಂದಿನದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಆದರೂ ಚೊಂಬನ್ನು ಕೆಳಗಿಟ್ಟು ಕೂತೇ ಇದ್ದೆ. ಮಗಳು ತಾಯಿಯ ಪಕ್ಕಕ್ಕೆ ಸರಿದು ಕೂತು, ಆ ಚಾಚಿದ ಕೈಯನ್ನೇ ನೋಡುತ್ತ ಕೇಳಿದಳು:

“ಆಮೇಲೆ ಅವ್ವ?”