ಪಿತ್ತ ಒಡೆಯದ ಕೈ

ಮುತ್ತಕ್ಕ ಚಾಕು ಕೊಳ್ಳಲು ಕುಂದಾಪುರ ಪೇಟೆಗೆ ಹೊರಟರೆ ಅವಳ ಚೀಲದಲ್ಲಿ ತೆಂಗಿನೆಣ್ಣೆಯ ಒಂದು ಪುಟ್ಟ ಬಾಟಲಿ ಇರುತ್ತಿತ್ತು. ಅಂಗಡಿಯವನು ಚಾಕುಗಳನ್ನು ಹರಡಿಟ್ಟು ಅವುಗಳ ಹೊಳಪನ್ನು ಹೊಗಳುತ್ತಿದ್ದರೆ ಇವಳು ಅದಕ್ಕೆ ಕಿವಿಯನ್ನೇ ಕೊಡದೆ ಅಂಗೈಗೆ ಎಣ್ಣೆ ಸುರಿದುಕೊಂಡು, ಎರಡೂ ಕೈ ಉಜ್ಜಿ, ಒಂದೊಂದೇ ಚಾಕುವಿನ ಹಿಡಿಯನ್ನು ಹಿಡಿದು ನೋಡುತ್ತಿದ್ದಳು. ಜಾರಿದ್ದು ಪಕ್ಕಕ್ಕೆ. ಪಾಪ, ಅಂಗಡಿಯವ ಎಣ್ಣೆಯಾದ ಹಿಡಿಗಳನ್ನು ಒರೆಸುತ್ತ ಗೊಣಗುತ್ತಿದ್ದ.

"ಹ್ವಾಯ್, ನಿಮ್ಮ್ ಅಂಗ್ಡಿಯಂಗೆ ಕೈ ಒಣ್ಗಿರತ್ತ್. ಮೀನಿನ್ ಹೊಟ್ಟಿಯೊಳ್ಗ್ ಕೈ ಹಾಕ್ರೆ ಒಣ್ಗಿರತ್ತಾ? ಅಲ್ಲಿ ಜಾರ್ರೆ ಹೋಪುದ್ ನನ್ ಬೆರಳ್, ನಿಮ್ದಲ್ಲ!"

ಹಿಡಿಯಲ್ಲಿ ಪಾಸಾದ ಚಾಕುವಿಗೆ ಇನ್ನೊಂದು ಪರೀಕ್ಷೆ. ತುದಿಯನ್ನು ಹಲಗೆಗೆ ಒತ್ತಿ ಬಗ್ಗಿಸುತ್ತಿದ್ದಳು. ಬಗ್ಗದೇ ಇದ್ದದ್ದು ಬೇಡ, ಬಗ್ಗಿ ಹಾಗೆಯೇ ಉಳಿದದ್ದೂ ಬೇಡ. ಕೈ ಬಿಟ್ಟ ಕೂಡಲೇ ನೆಟ್ಟಗಾದದ್ದು ಮಾತ್ರ ಚೀಲ ಸೇರುತ್ತಿತ್ತು. ಮೀನನ್ನು ಮುಳ್ಳಿನ ಸಮೇತ ತುಂಡು ಮಾಡಲು ಎಲ್ಲರ ಮನೆಯಲ್ಲೂ ಇರುವ ಮೆಟ್ಟುಕತ್ತಿ ಸಾಕು. ಮುಳ್ಳಿನಿಂದ ಮಾಂಸವನ್ನು ಹಾಳೆಯಂತೆ ಬಿಡಿಸಬೇಕಾದರೆ ಈ ಉದ್ದನೆಯ ತೆಳು ಅಲಗು ಬೇಕು. ಈ ವಿದ್ಯೆಯನ್ನು ಅವಳು ಮುಂಬೈಯಲ್ಲಿ ಅಣ್ಣನ ಹೋಟೆಲಿನ ಅಡುಗೆಮನೆಯಲ್ಲಿದ್ದಾಗ ಕಲಿತು ಬಂದಿದ್ದಳು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ಮರುದಿನದ ಮೀನಿನೂಟಕ್ಕೆ ದೊಡ್ಡ ಮೀನು ತಂದರೆ ಅವಳಿಗೇ ಕರೆ ಬರುತ್ತಿತ್ತು.

ನಾನು ಕಡಲಿನಿಂದ ದೂರದ ಕೊಕ್ಕರ್ಣೆಯವಳು. ಸೈಕಲ್ಲಿನಲ್ಲಿ ಮಾರಲು ಬರುತ್ತಿದ್ದ ಬಂಗುಡೆ, ಭೂತಾಯಿ ಬಿಟ್ಟರೆ ಬೇರೆ ಮೀನಿಗೆ ಕೈ ಹಾಕಿದವಳಲ್ಲ. ೧೯೯೭ರಲ್ಲಿ ಮದುವೆಯಾಗಿ ಕೋಟದ ಕಡಲ ಬದಿಗೆ ಬಂದೆ. ಬೋಟಿನಿಂದ ಗಂಡ ತಂದ ತೋಳುದ್ದದ ಅಂಜಲ್ ಮೀನಿನ ಹಲ್ಲು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದಾಗ ನಾದಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗದ್ದಿ ಬದಿಯ ಹೆಣ್ಣ್" ಎಂಬ ಹೆಸರು ಅಂದೇ ಅಂಟಿತು. ನನಗೂ ಹಟ ಬಂತು. ಇವರೆಲ್ಲ ನೋಡುತ್ತಿರುವಾಗಲೇ ಮದುವೆ ಮನೆಯವರು ನನ್ನನ್ನು ಹುಡುಕಿಕೊಂಡು ಬರಬೇಕು ಎಂದುಕೊಂಡು ಪಕ್ಕದ ಮನೆಯ ಮುತ್ತಕ್ಕನ ಅಂಗಳಕ್ಕೆ ಹೋಗಿ ಕುಳಿತೆ.

ಐದು ವರ್ಷ ಕುಳಿತೆ. "ಕಣ್ಣಂಗ್ ಕೊಯ್ಬ್ಯಾಡ, ಕಿವಿಯಂಗ್ ಕೊಯ್" ಎನ್ನುತ್ತಿದ್ದಳು. "ಮುಳ್ಳಿನ್ ಮೇಲ್ ಕತ್ತಿ ಹೋಪ ಶಬ್ದ ಕೇಣ್. ಟಿಕ್ ಟಿಕ್ ಅಂದ್ರೆ ದಾರಿ ಸಮ ಇತ್ತ್. ಶಬ್ದ ನಿಂತ್ರೆ ನೀ ಮಾಂಸದೊಳ್ಗ್ ಹೊಕ್ಕಿದೆ ಅಂತ."

ಅವಳಿಗೆ ಎರಡು ಅಭ್ಯಾಸಗಳಿದ್ದವು. ದೊಡ್ಡ ಮೀನಿನ ಪಿತ್ತಕೋಶ ಹಸಿರು ಬಣ್ಣದ ತೆಳ್ಳನೆಯ ಚೀಲ. ಚಾಕುವಿನ ತುದಿ ತಾಗಿ ಅದು ಒಡೆದರೆ ಹರಿದಲ್ಲೆಲ್ಲ ಮಾಂಸ ಕಹಿ. ಮುತ್ತಕ್ಕ ಅದನ್ನು ಇಡಿಯಾಗಿ ತೆಗೆದು, ಬಾಳೆಲೆಯ ಚೂರಿನ ಮೇಲಿಟ್ಟು, ಮನೆಯ ಹಿರಿಯರನ್ನು ಕರೆದು ತೋರಿಸಿದ ಮೇಲೆಯೇ ಕೈ ತೊಳೆಯುತ್ತಿದ್ದಳು. ಇನ್ನೊಂದು ಅಭ್ಯಾಸ, ಬೇರೆ ಯಾರೇ ಕೊಯ್ದ ಮೀನನ್ನು ಅವಳು ಬಾಯಿಗಿಡುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಬರೀ ಅನ್ನ ಸಾರು ಉಂಡು ಬರುತ್ತಿದ್ದಳು. ಈ ಬಿಂಕಕ್ಕೆ ಜನ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

ಬೈಂದೂರಿನ ಒಂದು ಮದುವೆ ಮನೆ. ಮುಂಬೈಯಿಂದ ಬಂದ ಗಂಡಿನ ಕಡೆಯವರಿಗೆ ಮುಳ್ಳಿಲ್ಲದ ಮೀನೇ ಆಗಬೇಕಿತ್ತು. ಮೂರು ದೊಡ್ಡ ಅಂಜಲ್ ಬಂದಿದ್ದವು. ಮುತ್ತಕ್ಕ ಒಂದನ್ನು ನನ್ನ ಮುಂದಿಟ್ಟು ತನ್ನ ಚಾಕುವನ್ನೇ ಕೊಟ್ಟಳು. ಸುತ್ತ ಮಸಾಲೆ ಕಡೆಯುವ ಹೆಂಗಸರಿದ್ದರು. ನನ್ನ ಚುರುಕನ್ನು ಅವರಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಹೊಟ್ಟೆ ಸೀಳುವಾಗ ತುದಿಯನ್ನು ಆಳಕ್ಕೆ ಇಳಿಸಿಬಿಟ್ಟೆ. ಹಸಿರು ಹರಿಯಿತು. ಯಾರಿಗೂ ಕಾಣದಂತೆ ನೀರು ಹೊಯ್ಯಲು ಚೊಂಬಿಗೆ ಕೈ ಚಾಚಿದೆ.

ಮುತ್ತಕ್ಕ ಚೊಂಬನ್ನು ಕಿತ್ತುಕೊಂಡಳು. ಹಸಿರು ತಾಗಿದ ಮಾಂಸವನ್ನೆಲ್ಲ ಕೊಯ್ದು ಬೇರೆ ಪಾತ್ರೆಗೆ ಹಾಕಿ, ಉಳಿದದ್ದನ್ನು ಉಪ್ಪು ತಿಕ್ಕಿ ತೊಳೆದು, ಯಜಮಾನರನ್ನು ಕರೆದಳು. ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಪಿತ್ತ ಒಡ್ದಿತ್ತ್. ಇಷ್ಟ್ ಮೀನ್ ಬಿಸಾಡ್ಕ್. ಒಡ್ದದ್ದ್ ಇವ್ಳ್" ಎಂದು ನೇರವಾಗಿ ನನ್ನತ್ತ ಬೆರಳು ತೋರಿಸಿದಳು.

ಯಜಮಾನರ ಮುಖ ಸಣ್ಣದಾಯಿತು. "ಹಂಗಾರೆ ಉಳ್ದದ್ದ್ ನೀವೇ ಕೊಯ್ನಿ, ಮುತ್ತಕ್ಕ."

"ಇಲ್ಲೆ. ಅದನ್ನೂ ಇವ್ಳೇ ಕೊಯ್ಕ್. ಇವತ್ತ್ ಕತ್ತಿ ಕೆಳ್ಗಿಟ್ರೆ ಇವ್ಳ್ ಮತ್ತೆ ಎತ್ತುದಿಲ್ಲೆ. ಇವ್ಳ್ ಕೊಯ್ದದ್ದ್ ಸಮ ಆಯ್ಲಿಲ್ಲ ಅಂದ್ರೆ, ಇನ್ಮೇಲ್ ನನ್ನೂ ಕರೀಬ್ಯಾಡಿ."

ಅಷ್ಟು ವರ್ಷ ಗಳಿಸಿದ ಹೆಸರನ್ನು ಅವಳು ನನ್ನ ಕೈಯಲ್ಲಿ ಇಟ್ಟುಬಿಟ್ಟಿದ್ದಳು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಅವಳು ಹೇಳಿದಂತೆ ಕಿವಿಯಿಂದಲೇ ಕೊಯ್ದೆ. ಎರಡು ಮೀನು, ಎರಡು ಬಾಳೆಲೆ ಚೂರು, ಎರಡೂ ಪಿತ್ತ ಇಡಿಯಾಗಿ. ಯಜಮಾನರು ಬಗ್ಗಿ ನೋಡಿ ತಲೆಯಾಡಿಸಿದರು. ಮುತ್ತಕ್ಕ ಒಂದು ಮಾತೂ ಹೊಗಳಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತು, ಮೀನು ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಅದರಿಂದ ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದಿನ ವಾರ ಅವಳೇ ನನ್ನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ, ಅದೇ ಅಂಗಡಿಯಲ್ಲಿ ನನ್ನ ಅಂಗೈಗೆ ಎಣ್ಣೆ ಸುರಿದು, "ನಿನ್ ಕೈಗ್ ಸಮ ಆಪ್ದ್ ನೀನೇ ಹೆಕ್ಕ್" ಎಂದಳು. ಆ ಚಾಕು ಸವೆದು ಅರ್ಧವಾಗಿದ್ದರೂ ಇವತ್ತಿಗೂ ನನ್ನಲ್ಲಿದೆ.

ಆಮೇಲೆ ನಾನು ಸಾಸ್ತಾನದ ಮೀನು ಮಾರುಕಟ್ಟೆಯಲ್ಲಿ ಮೀನು ಕೊಯ್ಯಲು ಕುಳಿತೆ. ಮದುವೆ ಮನೆಯವರು ನನ್ನನ್ನೂ ಹುಡುಕಿಕೊಂಡು ಬಂದರು. ನಾದಿನಿಯರು ಈಗ ನಾಲ್ಕು ಜನರೆದುರು ನನ್ನ ಹೆಸರು ಹೇಳಿಕೊಳ್ಳುತ್ತಾರೆ.

ಮುತ್ತಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಗಾಲದಲ್ಲಿ ಅವಳ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಚಾಕು ಹಿಡಿಯಲಾಗದು, ಬೇರೆಯವರು ಕೊಯ್ದದ್ದು ತಿನ್ನಲಾಗದು. ಒಂದು ವರ್ಷದಿಂದ ಮೀನನ್ನೇ ಬಿಟ್ಟಿದ್ದಾಳೆ ಎಂದು ಅವಳ ಮಗಳು ನನ್ನಲ್ಲಿ ಹೇಳಿಕೊಂಡಿದ್ದಳು. ಅಂಥವಳು ಒಂದು ಬೆಳಿಗ್ಗೆ ಮಗಳ ಜೊತೆ ರಿಕ್ಷಾದಲ್ಲಿ ನಾನಿರುವಲ್ಲಿಗೇ ಬಂದು ಇಳಿದಳು. ಚೀಲದಲ್ಲಿ ಅಂಜಲ್.

"ಹೇಳಿ ಕಳ್ಸಿದ್ರೆ ನಾನೇ ಬತ್ತಿದ್ದೆ ಅಲ್ದಾ, ಮುತ್ತಕ್ಕ?"

"ಮಾತ್ ಸಾಕ್. ಕೊಯ್, ಕಾಂಬ."

ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿದಳು. ನಾನು ಕೊಯ್ಯುತ್ತ ಹೋದೆ. ಟಿಕ್ ಟಿಕ್ ಶಬ್ದಕ್ಕೆ ಅವಳ ತಲೆ ಮೆಲ್ಲಗೆ ಆಡುತ್ತಿತ್ತು. ಪಿತ್ತವನ್ನು ಇಡಿಯಾಗಿ ತೆಗೆದು, ಬಾಳೆಲೆಯ ಮೇಲಿಟ್ಟು ಅವಳ ಮುಂದೆ ಹಿಡಿದೆ. ಅವಳು ಕಣ್ಣು ತೆರೆದಳು, ಆದರೆ ಎಲೆಯ ಕಡೆ ನೋಡಲಿಲ್ಲ. ಮಡಚದ ಆ ಕೈಯಿಂದಲೇ ಅದನ್ನು ಪಕ್ಕಕ್ಕೆ ಸರಿಸಿದಳು.

"ಅದ್ ಬೇರೆಯವ್ರಿಗ್ ತೋರ್ಸ್, ಮಾರಾಯ್ತಿ. ನಂಗೆಂತಕ್ಕೆ?"

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಮಗಳ ಫೋನು ಬಂತು. "ಅಕ್ಕಾ, ಅಮ್ಮ ಎರಡ್ ತುಂಡ್ ತಿಂದ್ಳ್. ಈಗ ಮತ್ತೊಂದ್ ಕೇಣ್ತಿದ್ಳ್."